ಎಣ್ಣಿ ಹಾಳಿ ದಾಟಿದ ವರ್ಷ

ಕವಿತಾಳದ ಬಸ್ ನಿಲ್ದಾಣದ ಹಿಂದ ನನ್ನ ಅಂಗಡಿ.
ಉದ್ರಿ ವಹಿಯೊಳಗ ಮನಿಗೊಂದು ಹಾಳಿ,
ಯಂಕೋಬನ ಮನಿಗೆ ಮಾತ್ರ ಎರಡು.
ಎಡಕ್ಕ ಅಂವಂದು, ಬಲಕ್ಕ ಹುಲಿಗೆಮ್ಮಂದು.
ಹಂಗ ಬರಿ ಅಂದಾಕಿ ಆಕೀನ,
ಮದುವ್ಯಾಗಿ ಬಂದ ಮೂರನೇ ವರ್ಷ,
ಸೆರಗಿನ ಗಂಟು ಬಿಚ್ಚಿ
ಬೆವರಿಗೆ ಮೆತ್ತಗಾದ ಹತ್ತರ ನೋಟು ಎಣಿಸಿಕೋತ.

ಅಂವನ ರೊಕ್ಕ ವರ್ಷಕ್ಕ ಎರಡು ಸಲ ಬರತೈತಿ,
ರಾಯಚೂರಿನ ಅಡತಿಯಿಂದ, ರಬ್ಬರ್ ಹಾಕಿಸಿಕೊಂಡು,
ಊರಿಗೆಲ್ಲ ಗೊತ್ತಾಗೂವಂಗ.
ಆಕೀದು ಬಂದದ್ದು ಕಾಣಂಗಿಲ್ಲ.
ಮಂದಿ ಹೊಲದಾಗ ಹತ್ತಿ ಬಿಡಿಸಿದ್ದು, ಕಿಲೋಕ್ಕ ಇಷ್ಟಂತ,
ಎಮ್ಮಿ ಹಾಲಿಂದು,
ಬದುವಿನ ಪುಂಡಿಪಲ್ಯ, ಅಕ್ಕಡಿ ಸಾಲಿನ ಹೆಸರು.
ಹತ್ತಿ ಅಂವಂದು, ಹತ್ತಿ ಮಗ್ಗಲ ನಿಂತ ಹೆಸರು ಆಕೀದು.
ಕುಂಟಿ ಎಳಿಯೂ ಎತ್ತಿಗೆ ಈ ಲೆಕ್ಕ ಗೊತ್ತಿಲ್ಲ,
ಎರಡಕ್ಕೂ ಒಂದೇ ಹೆಜ್ಜಿ ಹಾಕತಾವ.

ಎಡಗಡೆ ಹಾಳ್ಯಾಗ ಎಣ್ಣಿ, ಬೆಲ್ಲ, ಚಾಪುಡಿ,
ಕಾರಹುಣ್ಣಿವಿಗೆ ಕೋಡಿನ ಬಣ್ಣ, ಬೀಗರು ಬಂದ್ರ ಸಿಗರೇಟು.
ಬಲಗಡೆ ನೋಟ್‌ಬುಕ್ಕು, ಸೋಡಾಪುಡಿ,
ಹುಡುಗೀಗೆ ಜ್ವರದ ಗುಳಗಿ,
ತವರಿಂದ ಬಂದ ತಮ್ಮಗ ಬಿಸ್ಕೀಟು.
ಉಪ್ಪು ಯಾವ ಹಾಳ್ಯಾಗೂ ಇಲ್ಲ.
ಉಪ್ಪು ಉದ್ರಿ ಕೊಡಬ್ಯಾಡಂತ ನಮ್ಮಪ್ಪ ಹೇಳಿ ಸತ್ತಾನ.

ಆ ವರ್ಷ ಮೆಣಸಿನಕಾಯಿ ಬಿಡಿಸೂ ಕೂಲಿ ಏರಿತು.
ನಸುಕಿನ್ಯಾಗ ಟಂಟಂ ಹತ್ತಿ ಹೋದ ಹುಲಿಗೆಮ್ಮ
ದೀಪ ಹಚ್ಚೂ ಹೊತ್ತಿಗೆ ಬರತಿದ್ಲು,
ಉರಿಯೂ ಕೈ ಸೀರಿಗೆ ಒರಸ್ಕೋತ,
ಮಗಳ ಮಾರಿ ಮುಟ್ಟಲಾರದ.
ಬಲಗಡೆ ಹಾಳಿ ಚುಕ್ತಾ ಆತು.
ಯಂಕೋಬ ಬಂದ, ಬೀಡಿ ಹಚ್ಚಿದ, ಕಾಲುವಿ ನೀರಿನ ಮಾತಾಡಿದ,
ಹೋಗೂ ಮುಂದ ಹಗುರಕ ಅಂದ:
"ಎಣ್ಣಿ ಇನ್ನ ಆಕಿ ಕಡೆ ಬರಿ. ಆಕೀಗೂ ದುಡಿಮಿ ಐತಲ್ಲ."
ಬರದೆ. ನನ್ನದೇನು ಹೋಗತೈತಿ.
ಯುಗಾದಿಗೆ ಬೆಲ್ಲ ದಾಟಿತು, ಮುಂದ ಚಾಪುಡಿ.
ಎಡಗಡೆ ಕೋಡಿನ ಬಣ್ಣ ಒಂದೇ ಉಳೀತು.
ಅಂವನ ಅಂಗಳದಾಗ ಬೈಕ್ ನಿಂತಿತು,
ಸೀಟಿನ ಪ್ಲಾಸ್ಟಿಕ್ ಸೈತ ತಗೀಲಾರದ.

ಜಗಳ ಆಡತಾಳಂತ ಕಾದೆ. ಆಡಲಿಲ್ಲ.
ಕೂಲಿ ಕಡಿಮಿ ಹೇಳೂದು ಕಲತಳು.
ಒಂದು ಸಂಜಿ ಎರಡು ನೂರು ತಕ್ಕಡಿ ತಟ್ಟ್ಯಾಗ ಇಟ್ಟು
"ಅಣ್ಣಾ, ಇದು ಯಾವ ಹಾಳ್ಯಾಗೂ ಬ್ಯಾಡ" ಅಂದ್ಲು.
ಖಾಲಿ ಬಿಸ್ಕೀಟ್ ಡಬ್ಬಿ ಇತ್ತು, ಹಾಕಿದೆ.
ಆಮ್ಯಾಲ ನೂರು, ಐವತ್ತು, ಒಮ್ಮೆ ಬರೀ ಇಪ್ಪತ್ತು.
ಮಗಳು ಸಿಂಧನೂರಿಗೆ ನರ್ಸಿಂಗ್ ಕಲಿಯಾಕ ಹೋಗಬೇಕಂತ.
ಇದನ್ನ ಆಕಿ ಹೇಳಿಲ್ಲ, ಹುಡುಗಿ ಹೇಳ್ಯಾಳ,
ಪೆನ್ನಿನ ರೀಫಿಲ್ ತಗೊಳ್ಳೂವಾಗ.

ದೀಪಾವಳಿ ಮುಗಿದಿರಬೇಕು.
ಬಾಗಲ ಅರ್ಧ ಎಳದಿದ್ದೆ, ಯಂಕೋಬ ಬಗ್ಗಿ ಒಳಗ ಬಂದ.
ಹತ್ತಿ ಪಟ್ಟಿ ರೊಕ್ಕದಾಗಿಂದ ಎರಡು ಸಾವಿರ
ಮನಿ ಮುಟ್ಟೂಕಿಂತ ಮೊದಲ ಬ್ಯಾರೆ ಮಾಡ್ಯಾನ.
"ತಂಗಿ ಮನ್ಯಾಗ ತ್ರಾಸ ಐತಿ. ಇಟ್ಟಿರು.
ಹುಲಿಗೆಮ್ಮಗ ತಿಳಿಯೂದು ಬ್ಯಾಡ."
ಅಂವನ ಕಣ್ಣು ನೆಲದ ಮ್ಯಾಲಿತ್ತು,
ಬೀಗರಿಗೆ ಸಿಗರೇಟು ಬರಸೂವಾಗಿನ ದನಿ ಅಲ್ಲ ಅದು.
ನನ್ನ ಹಂತ್ಯಾಕ ಇದ್ದದ್ದು ಅದೊಂದೇ ಡಬ್ಬಿ.
ಆಕೀದಕ್ಕ ಕೆಂಪು ರಬ್ಬರ್, ಅಂವಂದಕ್ಕ ಹಸರು.
ಒಂದೇ ಮನಿ ರೊಕ್ಕ,
ಒಂದಕ್ಕೊಂದು ಬೆನ್ನು ಹಚ್ಚಿ ಮಲಗ್ಯಾವ,
ಬಿಸ್ಕೀಟಿನ ವಾಸನಿ ಹಿಡದು.

ರಾತ್ರಿ ಗಲ್ಲಾ ಎಣಿಸ್ತೀನಿ.
ಅಂಗಡಿ ಬಾಜೂಕ ನನ್ನಾಕಿ ರೊಟ್ಟಿ ಬಡಿದು ಮಾರತಾಳ,
ದಿನಾ ನೂರು ರೊಟ್ಟಿ, ಸಂತಿ ದಿನ ಇನ್ನೂ ಐವತ್ತು.
ಅದರಾಗಿನ ಒಂದು ರೂಪಾಯಿ ಗಲ್ಲಾಕ್ಕ ಬಿದ್ದದ್ದು ಕಂಡಿಲ್ಲ.
ಕೇಳಿದ್ರ "ಹಿಟ್ಟಿಗೇ ಸರಿ ಆಗತೈತಿ" ಅಂತಾಳ.
ಜ್ವಾಳ ತೂಗಿ ಕೊಡಾಂವ ನಾನ, ಹಿಟ್ಟಿನ ಲೆಕ್ಕ ನನಗ ಬರತೈತಿ.
ಊರಾಗ ಇನ್ನೂ ಮೂರು ಕಿರಾಣಿ ಅಂಗಡಿ ಅದಾವ.
ಮೂರೂ ಕಡೆ
ಖಾಲಿ ಡಬ್ಬಿ ಇದ್ದೇ ಇರತಾವ.